ಎಸ್‌ಇಒ ಟೂಲ್‌ಗೆ ದುಡ್ಡು ಕಟ್ಟೋ ಮುಂಚೆ ನಿಮ್ಮ ಸೈಟ್ ಮೇಲೇ ಟೆಸ್ಟ್ ಮಾಡಿ ನೋಡಿ

ಮೈಸೂರು ಮಂಡ್ಯ ಕಡೆ ಸ್ವಂತ ವೆಬ್‌ಸೈಟ್ ಇಟ್ಕೊಂಡಿರೋರು, ಅಂದ್ರೆ ಹೋಮ್‌ಸ್ಟೇಯವರು, ಸೀರೆ ಅಂಗಡಿಯವರು, ಬೆಲ್ಲ ಗಾಣದೆಣ್ಣೆ ಆನ್‌ಲೈನಲ್ಲಿ ಮಾರೋರು, ಟ್ಯೂಷನ್ ನಡೆಸೋರು, ಇವರೆಲ್ಲ ಒಂದು ಹಂತಕ್ಕೆ ಬಂದ್ಮೇಲೆ ಕೇಳೋದು ಒಂದೇ ಪ್ರಶ್ನೆ. ಗೂಗಲಲ್ಲಿ ಮೇಲೆ ಬರೋಕೆ (ಆ ಕೆಲಸಕ್ಕೇ ಎಸ್‌ಇಒ ಅನ್ನೋದು) ದುಡ್ಡಿನ ಟೂಲುಗಳಲ್ಲಿ ಸೆಮ್‌ರಶ್ ತಗೊಳ್ಳೋದಾ, ಅಹ್ರೆಫ್ಸ್ ತಗೊಳ್ಳೋದಾ, ಮೋಜ್ ತಗೊಳ್ಳೋದಾ, ಇಲ್ಲಾ ಕಮ್ಮಿ ರೇಟಿನ ಉಬರ್‌ಸಜೆಸ್ಟ್ ಸಾಕಾ ಅಂತ. ಹೋಲಿಕೆ ವಿಡಿಯೋಗಳು ಬೇಕಾದಷ್ಟಿವೆ, ಆದ್ರೆ ಬಹಳಷ್ಟು ವಿಡಿಯೋ ಕೆಳಗೆ ಅಫಿಲಿಯೇಟ್ ಲಿಂಕ್ ಇರತ್ತೆ, ಅದ್ರಿಂದ ನೀವು ತಗೊಂಡ್ರೆ ಅವ್ರಿಗೆ ಕಮಿಷನ್. ತೋರಿಸೋ ಉದಾಹರಣೆನೂ ಹೆಚ್ಚುಕಮ್ಮಿ ಎಲ್ಲಾ ಅಮೆರಿಕದ ಇಂಗ್ಲಿಷ್ ಕೀವರ್ಡೇ (ಕೀವರ್ಡ್ ಅಂದ್ರೆ ಜನ ಗೂಗಲಲ್ಲಿ ಹೊಡೆದು ಹುಡುಕೋ ಪದ). ನಮ್ಮೂರ ಗಿರಾಕಿ ಹುಡುಕೋ ರೀತಿನೇ ಬೇರೆ, ಹಂಗಾಗಿ ಅಲ್ಲಿ ಗೆದ್ದ ಟೂಲು ಇಲ್ಲೂ ಗೆಲ್ಲತ್ತೆ ಅಂತ ಹೇಳಕ್ಕಾಗಲ್ಲ.

ನನ್ನ ಮಾತು ಇಷ್ಟೇ. ನಿಮ್ಮ ಸೈಟಿಗೆ ಯಾರು ಯಾವ ಪದ ಹುಡುಕ್ಕೊಂಡು ಬರ್ತಾ ಇದಾರೆ ಅನ್ನೋ ನಿಜವಾದ ಲೆಕ್ಕ ಗೂಗಲ್ಲೇ ನಿಮಗೆ ಫ್ರೀಯಾಗಿ ಕೊಡತ್ತೆ. ಆ ಲೆಕ್ಕ ಒಂದು ಕಡೆ ಇಟ್ಕೊಂಡು, ದುಡ್ಡಿನ ಟೂಲು ನಿಮ್ಮ ಸೈಟ್ ಬಗ್ಗೆ ಏನ್ ಹೇಳತ್ತೆ ಅಂತ ಪಕ್ಕದಲ್ಲಿಟ್ಟು ನೋಡಿ. ಗೊತ್ತಿರೋ ಸೈಟ್ ಬಗ್ಗೆ ಅದು ತಕ್ಕಮಟ್ಟಿಗೆ ಸರಿ ಹೇಳಿದ್ರೆ, ಗೊತ್ತಿಲ್ಲದ ನಿಮ್ಮ ಕಾಂಪಿಟಿಟರ್ ಬಗ್ಗೆ ಹೇಳೋದನ್ನೂ ಸ್ವಲ್ಪ ನಂಬಬಹುದು. ನಿಮ್ಮ ಸೈಟ್ ಬಗ್ಗೆನೇ ತಪ್ಪು ಹೇಳಿದ್ರೆ ಬೇರೆಯವ್ರ ಬಗ್ಗೆ ಹೇಳಿದ್ದನ್ನ ನಂಬೋದು ಹೆಂಗೆ?

ಮೊದ್ಲು ಫ್ರೀ ಇರೋದನ್ನ ಪೂರ್ತಿ ಬಳಸಿ

ಮೇಲೆ ಹೇಳಿದ ಲೆಕ್ಕ ಸಿಗೋದು ಗೂಗಲ್ ಸರ್ಚ್ ಕನ್ಸೋಲಲ್ಲಿ, ಅದನ್ನ ಹಾಕಿಲ್ಲ ಅಂದ್ರೆ ಇವತ್ತೇ ಹಾಕಿ, ಅದಿಲ್ದೆ ಮುಂದಿಂದೆಲ್ಲಾ ವೇಸ್ಟು. ಡೊಮೇನ್ ತಗೊಂಡ ಕಡೆ ಡಿಎನ್ಎಸ್ ಅನ್ನೋ ಸೆಟ್ಟಿಂಗಲ್ಲಿ ಒಂದು ಸಾಲು ಸೇರಿಸಿದ್ರೆ ಸೈಟ್ ನಿಮ್ದೇ ಅಂತ ವೆರಿಫೈ ಆಗತ್ತೆ, ನಿಮ್ಮ ವೆಬ್‌ಸೈಟ್ ಮಾಡಿಕೊಟ್ಟೋರಿಗೆ ಹೇಳಿದ್ರೆ ಹತ್ತು ನಿಮಿಷದ ಕೆಲಸ, ಆದ್ರೆ ಅಕೌಂಟ್ ಮಾತ್ರ ನಿಮ್ಮ ಜಿಮೇಲಲ್ಲೇ ಇರಲಿ, ಅವ್ರ ಜಿಮೇಲಲ್ಲಿ ಬೇಡ, ನಾಳೆ ಅವ್ರು ಫೋನ್ ಎತ್ತದಿದ್ರೆ ನಿಮ್ಮ ಡೇಟಾ ನಿಮ್ಮ ಕೈಗೇ ಸಿಗಲ್ಲ. ಒಳಗೆ ಪರ್ಫಾರ್ಮೆನ್ಸ್ ಅಂತ ಒಂದು ಪೇಜ್ ಇದೆ. ಯಾವ ಪದ ಹುಡುಕಿದಾಗ ನಿಮ್ಮ ಪೇಜ್ ಎಷ್ಟು ಸಲ ಕಾಣಿಸ್ತು (ಇದಕ್ಕೆ ಇಂಪ್ರೆಷನ್ ಅಂತಾರೆ), ಎಷ್ಟು ಜನ ಒತ್ತಿದ್ರು, ಸರಾಸರಿ ಎಷ್ಟನೇ ಜಾಗದಲ್ಲಿತ್ತು, ಎಲ್ಲಾ ಅಲ್ಲಿದೆ. ಮೊಬೈಲಾ ಕಂಪ್ಯೂಟರಾ, ಯಾವ ದೇಶ ಅನ್ನೋದೂ ಇದೆ. 16 ತಿಂಗಳ ಡೇಟಾ ಇಟ್ಟಿರತ್ತೆ. ತೀರಾ ಅಪರೂಪಕ್ಕೆ ಹುಡುಕೋ ಪದಗಳನ್ನ ಪ್ರೈವೆಸಿ ಕಾರಣಕ್ಕೆ ತೋರಿಸಲ್ಲ, ಅದಕ್ಕೇ ಪದಗಳ ಪಟ್ಟಿ ಕೂಡಿದ್ರೆ ಮೇಲಿನ ಟೋಟಲ್‌ಗೆ ಸಮ ಬರಲ್ಲ, ಗಾಬರಿ ಬೇಡ.

ಇದರ ಜೊತೆಗೆ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಫ್ರೀ, ಸರ್ಚ್ ಕನ್ಸೋಲಿಂದ ನೇರವಾಗಿ ಇಂಪೋರ್ಟ್ ಮಾಡ್ಕೊಬಹುದು, ಅದರಲ್ಲಿ ಕೀವರ್ಡ್ ರಿಸರ್ಚೂ ಇದೆ ಸೈಟ್ ಚೆಕ್ ಮಾಡೋದೂ ಇದೆ. ಅಹ್ರೆಫ್ಸ್ ದುಡ್ಡಿಂದು ಸರಿ, ಆದ್ರೆ ಅವ್ರದ್ದೇ ಅಹ್ರೆಫ್ಸ್ ವೆಬ್‌ಮಾಸ್ಟರ್ ಟೂಲ್ಸ್ ಅಂತ ಒಂದು ಫ್ರೀ ಇದೆ, ನಿಮ್ಮ ಸ್ವಂತ ಸೈಟಿಗೆ ಮಾತ್ರ, ಯಾರ್ಯಾರು ನಿಮಗೆ ಲಿಂಕ್ ಕೊಟ್ಟಿದಾರೆ ಅಂತ ನೋಡೋಕೆ ಅದು ಸಾಕು. ಸೈಟಲ್ಲಿ ಮುರಿದ ಲಿಂಕು, ಟೈಟಲ್ ಇಲ್ಲದ ಪೇಜು, ಎರಡೆರಡು ಸಲ ಬಂದಿರೋ ಟೈಟಲ್ಲು ಇವನ್ನ ಹಿಡಿಯೋಕೆ ಸ್ಕ್ರೀಮಿಂಗ್ ಫ್ರಾಗ್ ಅಂತ ಒಂದು ಸಾಫ್ಟ್‌ವೇರ್, ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡ್ಕೊಳ್ಳೋದು, ಫ್ರೀ ವರ್ಷನ್ 500 ಯುಆರ್‌ಎಲ್ (ವೆಬ್ ವಿಳಾಸ) ತನಕ ನೋಡತ್ತೆ. ನಮ್ಮ ಕಡೆ ಸಣ್ಣ ಅಂಗಡಿ ಸೈಟಿಗೆ 500 ಧಾರಾಳ ಆಯ್ತು. ಸ್ಪೀಡಿಗೆ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ, ಮುಖ್ಯವಾದ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ.

ಕೀವರ್ಡ್ ಪ್ಲ್ಯಾನರ್ ಬಗ್ಗೆ ಒಂದು ಮಾತು. ಯಾವ ಪದಾನ ತಿಂಗಳಿಗೆ ಎಷ್ಟು ಸಲ ಹುಡುಕ್ತಾರೆ ಅಂತ ಹೇಳೋ ಟೂಲು ಅದು, ಗೂಗಲ್ ಆಡ್ಸ್ ಒಳಗಿರೋದು, ಜಾಹೀರಾತಿಗೆ ದುಡ್ಡು ಹಾಕದೇ ಇರೋರಿಗೆ ಸರಿಯಾದ ನಂಬರ್ ಕೊಡಲ್ಲ, 100ರಿಂದ 1 ಸಾವಿರ ಅಂತ ಅಗಲವಾಗಿ ಹೇಳತ್ತೆ. ಒಂದೇ ಥರದ ಪದಗಳನ್ನ ಸೇರಿಸಿ ಒಂದೇ ಲೆಕ್ಕ ಮಾಡೋದೂ ಉಂಟು. ಆದ್ರೂ ಮೂಲ ಗೂಗಲ್ ಡೇಟಾ ಆದ್ರಿಂದ ಒಂದು ಅಂದಾಜಿಗೆ ಒಳ್ಳೇದು.

ದುಡ್ಡಿನ ಟೂಲ್ ನಂಬರ್ ಎಲ್ಲಿಂದ ಬರತ್ತೆ

ಇದು ಗೊತ್ತಿಲ್ದೇ ಇದ್ರೆ ಮೋಸ ಹೋಗ್ತೀರ. ಸೆಮ್‌ರಶ್ಶಿಗಾಗ್ಲಿ ಅಹ್ರೆಫ್ಸಿಗಾಗ್ಲಿ ಗೂಗಲ್ ಒಳಗಿನ ಲೆಕ್ಕ ಸಿಗಲ್ಲ. ತಮ್ಮದೇ ಬಾಟ್ (ತಾನಾಗೇ ಸೈಟುಗಳನ್ನ ಓದ್ಕೊಂಡು ಹೋಗೋ ಪ್ರೋಗ್ರಾಂ) ಬಿಟ್ಟು ವೆಬ್ಬೆಲ್ಲಾ ಓಡಾಡಿಸಿ ಲಿಂಕ್ ಕಲೆ ಹಾಕ್ತಾರೆ, ಕೀವರ್ಡ್ ಪ್ಲ್ಯಾನರ್ ಡೇಟಾ, ಬೇರೆ ಕಡೆಯಿಂದ ಕೊಂಡ ಬ್ರೌಸಿಂಗ್ ಡೇಟಾ ಎಲ್ಲಾ ಸೇರಿಸಿ ಒಂದು ಅಂದಾಜು ಮಾಡ್ತಾರೆ. ಅಮೆರಿಕದ ಇಂಗ್ಲಿಷಿಗೆ ಡೇಟಾ ಜಾಸ್ತಿ ಇರತ್ತೆ, ಅಂದಾಜು ಹತ್ತಿರ ಬರತ್ತೆ. ಕನ್ನಡಕ್ಕೆ, ಅದ್ರಲ್ಲೂ ಮಂಡ್ಯ ಅಂತ ಊರ ಹೆಸ್ರು ಸೇರಿದ ಪದಕ್ಕೆ ಡೇಟಾ ತೆಳು. ಹಂಗಾಗಿ ಟೂಲು ಸೊನ್ನೆ ಅಂದ್ರೆ ಯಾರೂ ಹುಡುಕ್ತಿಲ್ಲ ಅಂತ ಅರ್ಥ ಅಲ್ಲ, ಆ ಟೂಲಿಗೆ ಅದು ಕಂಡಿಲ್ಲ ಅಂತ ಅಷ್ಟೇ ಅರ್ಥ.

ಈಗ ಟೆಸ್ಟ್ ಹೆಂಗೆ ಮಾಡೋದು ಅಂತ ಒಂದು ಉದಾಹರಣೆ ಇಟ್ಕೊಂಡೇ ನೋಡೋಣ. ಪಾಂಡವಪುರದ ಹತ್ರ ಆಲೆಮನೆ ಇಟ್ಕೊಂಡು ಕೆಮಿಕಲ್ ಹಾಕದ ಬೆಲ್ಲ ಆನ್‌ಲೈನಲ್ಲಿ ಮಾರೋ ಒಬ್ರು ಇದಾರೆ ಅನ್ಕೊಳಿ. ಅವ್ರ ಸರ್ಚ್ ಕನ್ಸೋಲ್ ತೆಗೆದು ಕಳೆದ ಮೂರು ತಿಂಗಳಿಗೆ ಇಟ್ಟು, ದೇಶ ಭಾರತ ಅಂತ ಫಿಲ್ಟರ್ ಹಾಕಿ, ಇಂಪ್ರೆಷನ್ ಜಾಸ್ತಿ ಇರೋ ಹತ್ತು ಹದಿನೈದು ಪದ ಒಂದು ಶೀಟಿಗೆ ಹಾಕ್ಕೊಬೇಕು. ಇಂಗ್ಲಿಷಲ್ಲಿ ಆರ್ಗ್ಯಾನಿಕ್ ಜಾಗರಿ ಅನ್ನೋದು ಇರತ್ತೆ, ಕನ್ನಡ ಲಿಪೀಲಿ ಜೋನಿ ಬೆಲ್ಲ, ಅಚ್ಚು ಬೆಲ್ಲ ಇರತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಬರೆದಿರೋದೂ ಇರತ್ತೆ, ಅದೂ ಒಬ್ಬೊಬ್ರು ಒಂದೊಂದು ಸ್ಪೆಲ್ಲಿಂಗು. ಈ ಮೂರೂ ಥರದ್ದು ಶೀಟಲ್ಲಿ ಇರ್ಲೇಬೇಕು.

ಆಮೇಲೆ ಇದೇ ಪದಗಳನ್ನ ಟ್ರಯಲ್ ತಗೊಂಡಿರೋ ಎರಡು ಟೂಲಿಗೆ ಹಾಕಿ, ದೇಶ ಭಾರತ ಅಂತ ಸೆಟ್ ಮಾಡಿರ್ಬೇಕು ಮರೀಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಬೆಲ್ಲ (bella) ಅಂತ ಹೊಡೆದು ದೇಶ ಅಮೆರಿಕ ಅಂತಲೇ ಬಿಟ್ರೆ ಸಾವಿರಾರು ಹುಡುಕಾಟ ತೋರಿಸತ್ತೆ, ಕೆಳಗೆ ಬರೋ ಪಟ್ಟಿ ನೋಡಿದ್ರೆ ಹೆಣ್ಣುಮಕ್ಕಳ ಹೆಸ್ರು, ಸಿನಿಮಾ ನಟಿಯರು, ಇಟಾಲಿಯನ್ ಹೋಟ್ಲು. ನಮ್ಮ ಬೆಲ್ಲಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಭಾರತಕ್ಕೆ ಇಟ್ಮೇಲೂ ಅದು ಪೂರ್ತಿ ಹೋಗಲ್ಲ, ಒಂಟಿ ಪದ ಬಿಟ್ಟು ಜೋನಿ ಬೆಲ್ಲ ಅನ್ನೋ ಥರ ಎರಡು ಮೂರು ಪದದ್ದನ್ನೇ ಹಾಕಿ ನೋಡಿ. ನಿಮ್ಮ ಸರ್ಚ್ ಕನ್ಸೋಲಲ್ಲಿ ಮೂರು ತಿಂಗಳಿಗೆ ನೂರಾರು ಇಂಪ್ರೆಷನ್ ಬಂದಿರೋ ಪದಕ್ಕೆ ಟೂಲು ತಿಂಗಳಿಗೆ ಸೊನ್ನೆ ಅಂದ್ರೆ ಆ ಟೂಲಿನ ಮುಂದೆ ಒಂದು ತಪ್ಪು ಮಾರ್ಕ್ ಹಾಕಿ. ಕನ್ನಡ ಲಿಪಿ ತಗೊಳ್ಳತ್ತಾ ಇಲ್ವಾ, ತಗೊಂಡ್ರೂ ಹತ್ರದ ಪದಗಳು ಸೂಚಿಸತ್ತಾ, ಅದನ್ನೂ ಬರ್ಕೊಳಿ. ಎರಡು ಟೂಲಿನ ಮುಂದೆ ಎಷ್ಟೆಷ್ಟು ತಪ್ಪು ಮಾರ್ಕ್ ಬಿತ್ತು ಅಂತ ನೋಡಿದ್ರೆ ನಿಮ್ಮ ವ್ಯಾಪಾರಕ್ಕೆ ಯಾವ್ದಕ್ಕೆ ಕಣ್ಣು ಚೆನ್ನಾಗಿ ಕಾಣತ್ತೆ ಅಂತ ಗೊತ್ತಾಗೋಗತ್ತೆ.

ಎರಡನೇ ಟೆಸ್ಟು ಬ್ಯಾಕ್‌ಲಿಂಕಿಂದು, ಅಂದ್ರೆ ಬೇರೆ ಸೈಟಿಂದ ನಿಮ್ಮ ಸೈಟಿಗೆ ಕೊಟ್ಟಿರೋ ಲಿಂಕು. ನಿಮಗೆ ಖಚಿತವಾಗಿ ಗೊತ್ತಿರೋ ಲಿಂಕ್‌ಗಳನ್ನ ಮೊದ್ಲೇ ಪಟ್ಟಿ ಮಾಡಿ. ಲೋಕಲ್ ಪೇಪರಿನ ವೆಬ್‌ಸೈಟಲ್ಲಿ ಬಂದ ಸುದ್ದಿ, ಕಾಲೇಜ್ ಫೆಸ್ಟಿಗೆ ಸ್ಪಾನ್ಸರ್ ಮಾಡಿದ್ದಕ್ಕೆ ಅವ್ರ ಸೈಟಲ್ಲಿ ಹಾಕಿದ ಹೆಸ್ರು, ನಿಮ್ಮ ಮಾಲು ತಗೊಳ್ಳೋ ಬೆಂಗಳೂರಿನ ಅಂಗಡಿ ಪೇಜು, ಹಿಂಗೆ. ಯಾವ ಟೂಲು ಎಷ್ಟನ್ನ ಹುಡುಕಿ ತೋರಿಸ್ತು ನೋಡಿ. ಒಟ್ಟು ಲಿಂಕ್ ಸಂಖ್ಯೆ ಯಾರ್ದು ದೊಡ್ಡದು ಅನ್ನೋದು ಮುಖ್ಯ ಅಲ್ವೇ ಅಲ್ಲ, ಕೆಲಸಕ್ಕೆ ಬಾರದ ಸ್ಪ್ಯಾಮ್ ಸೈಟೆಲ್ಲಾ ಎಣಿಸಿ ದೊಡ್ಡದು ಮಾಡಿ ತೋರಿಸೋದು ಸುಲಭ.

ಮೂರನೇದು ಟ್ರಾಫಿಕ್. ನಿಮ್ಮ ಡೊಮೇನ್ ಹಾಕಿದ್ರೆ ತಿಂಗಳಿಗೆ ಇಷ್ಟು ಜನ ಬರ್ತಾರೆ ಅಂತ ಟೂಲು ಹೇಳತ್ತೆ. ಸರ್ಚ್ ಕನ್ಸೋಲಿನ ಕ್ಲಿಕ್ ಪಕ್ಕದಲ್ಲಿಡಿ. ಅರ್ಧಕ್ಕರ್ಧ ವ್ಯತ್ಯಾಸ ಇದ್ರೂ ಆಶ್ಚರ್ಯ ಪಡ್ಬೇಡಿ, ನೋಡ್ಬೇಕಾದ್ದು ಏರೋ ಇಳಿಯೋ ದಿಕ್ಕು ಹೊಂದತ್ತಾ ಅಂತ. ನಿಮ್ದು ಏರ್ತಾ ಇದ್ದಾಗ ಟೂಲೂ ಏರ್ತಾ ಇದೆ ಅಂದ್ರೆ ಪರವಾಗಿಲ್ಲ.

ಕೀವರ್ಡ್ ಡಿಫಿಕಲ್ಟಿ, ಅಂದ್ರೆ ಆ ಪದಕ್ಕೆ ಮೇಲೆ ಬರೋದು ಎಷ್ಟು ಕಷ್ಟ ಅಂತ ಟೂಲು ಕೊಡೋ ಅಂಕ, ಅದನ್ನ ಕನ್ನಡ ಪದಕ್ಕೆ ನಂಬ್ಬೇಡಿ ಕಣ್ರೀ. ಅಹ್ರೆಫ್ಸಲ್ಲಿ ಅದನ್ನ ಲೆಕ್ಕ ಹಾಕೋದು ಮೊದಲ ಪುಟದಲ್ಲಿರೋ ಪೇಜುಗಳಿಗೆ ಎಷ್ಟು ಸೈಟುಗಳು ಲಿಂಕ್ ಕೊಟ್ಟಿವೆ ಅಂತ. ಕನ್ನಡದಲ್ಲಿ ಒಬ್ರಿಗೊಬ್ರು ಲಿಂಕ್ ಕೊಡೋದೇ ಕಮ್ಮಿ, ಅದಕ್ಕೆ ಎಲ್ಲಾ ಪದಾನೂ ಸುಲಭ ಅಂತ ತೋರಿಸಿಬಿಡತ್ತೆ. ಆಮೇಲೆ ನೀವೇ ಗೂಗಲ್ ಮಾಡಿ ನೋಡಿದ್ರೆ ಮೇಲೆ ಯೂಟ್ಯೂಬ್ ವಿಡಿಯೋ, ದೊಡ್ಡ ನ್ಯೂಸ್ ಸೈಟ್ಸು, ಅಮೆಜಾನು ಕೂತಿರತ್ತೆ. ಫೋನಲ್ಲಿ ಇನ್‌ಕಾಗ್ನಿಟೋ ತೆಗೆದು ಒಂದ್ಸಲ ಕಣ್ಣಾರೆ ನೋಡೋದು ಆ ನಂಬರಿಗಿಂತ ಎಷ್ಟೋ ವಾಸಿ.

ಮೈಸೂರು ಅನ್ನೋ ಹೆಸ್ರಿನ ತಾಪತ್ರಯ

ನಮ್ಮೂರಿನವ್ರಿಗೆ ಇದು ಬೇರೆ ಊರಿನವ್ರಿಗಿಲ್ಲದ ತಲೆನೋವು. 2014ರ ನವೆಂಬರ್ 1ಕ್ಕೆ ಇಂಗ್ಲಿಷ್ ಹೆಸ್ರು Mysore ಹೋಗಿ Mysuru ಆಯ್ತು, ಆದ್ರೆ ಹುಡುಕೋರು ಇವತ್ತಿಗೂ ಹಳೇ ಸ್ಪೆಲ್ಲಿಂಗೂ ಹೊಡೀತಾರೆ ಹೊಸದೂ ಹೊಡೀತಾರೆ. ಟೂಲಲ್ಲಿ ಎರಡನ್ನೂ ಬೇರೆ ಬೇರೆ ಹಾಕಿ ನೋಡಿ, ಗೂಗಲ್ ಟ್ರೆಂಡ್ಸಲ್ಲಿ ಕರ್ನಾಟಕ ಅಂತ ಇಟ್ಟು ಎರಡನ್ನೂ ಒಟ್ಟಿಗೆ ಹೋಲಿಸಿ. ಟ್ರೆಂಡ್ಸ್ ಕೊಡೋದು ಸೊನ್ನೆಯಿಂದ 100ರ ಒಳಗಿನ ಸೂಚ್ಯಂಕ, ಜನರ ಲೆಕ್ಕ ಅಲ್ಲ, ಆದ್ರೆ ಯಾವ್ದು ಜಾಸ್ತಿ ಅನ್ನೋದಕ್ಕೆ ಸಾಕು. ಪೇಜಲ್ಲಿ ಎರಡೂ ಸ್ಪೆಲ್ಲಿಂಗ್ ಸಹಜವಾಗಿ ಬರೋ ಹಂಗೆ ಬರೀಬಹುದು, ಅದಕ್ಕೆ ಎರಡು ಪೇಜ್ ಮಾಡೋದು ಬೇಡ.

ಇನ್ನು ಮೈಸೂರು ಅಂದ್ರೆ ಊರೇ ಆಗಿರ್ಬೇಕು ಅಂತಿಲ್ಲ. ಪಾಕು, ಬೋಂಡ, ಮಸಾಲೆ ದೋಸೆ, ಸಿಲ್ಕು, ಗಂಧದ ಸೋಪು, ಎಲ್ಲಕ್ಕೂ ಊರ ಹೆಸ್ರಿದೆ, ಡೆಲ್ಲಿಯವ್ನು ಮೈಸೂರು ಪಾಕ್ ಮಾಡೋದು ಹೆಂಗೆ ಅಂತ ಹುಡುಕಿದ್ರೂ ಅದು ಮೈಸೂರು ಲೆಕ್ಕಕ್ಕೇ ಬೀಳತ್ತೆ, ಅವ್ನು ಸಯ್ಯಾಜಿರಾವ್ ರೋಡಿಗೆ ಬಂದು ಕೊಳ್ಳಲ್ಲ. ಯೋಗದ್ದಂತೂ ಇನ್ನೂ ಜೋರು. ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋರಿಗೆ ರೂಮ್ ಕೊಡೋರು ಮೈಸೂರು ಯೋಗ ಅನ್ನೋ ಕೀವರ್ಡ್ ನೋಡಿ ಖುಷಿಯಾಗ್ತಾರೆ, ಪ್ರಪಂಚದಾದ್ಯಂತ ಹುಡುಕಾಟ ಇದೆ ಅಂತ. ಆದ್ರೆ ಅಷ್ಟಾಂಗ ಯೋಗದಲ್ಲಿ ಒಬ್ಬೊಬ್ರೂ ತಮ್ಮ ತಮ್ಮ ವೇಗದಲ್ಲಿ ಅಭ್ಯಾಸ ಮಾಡೋ ಕ್ಲಾಸಿಗೇ ಮೈಸೂರು ಸ್ಟೈಲ್ ಅಂತಾರೆ. ಲಂಡನ್ನಲ್ಲಿ ಹುಡುಕೋನಿಗೆ ಬೇಕಿರೋದು ಲಂಡನ್ನಲ್ಲೇ ಇರೋ ಕ್ಲಾಸು. ಒಳ್ಳೇ ಟೂಲಲ್ಲಿ ದೇಶದ ಪ್ರಕಾರ ಒಡೆದು ನೋಡೋಕಾಗತ್ತೆ, ಆ ಪದಕ್ಕೆ ಮೊದಲ ಪುಟದಲ್ಲಿ ಯಾರಿದಾರೆ ಅಂತಾನೂ ತೋರಿಸತ್ತೆ. ಇವೆರಡೂ ಸೌಲಭ್ಯ ನಿಮ್ಮ ಪ್ಲಾನಲ್ಲಿ ಇದೆಯಾ ಅಂತ ಕೇಳ್ಕೊಂಡೇ ದುಡ್ಡು ಕಟ್ಟಿ, ಮೈಸೂರು ಹೆಸ್ರಲ್ಲಿ ವ್ಯಾಪಾರ ಮಾಡೋರಿಗೆ ಇವೆರಡು ಇಲ್ಲದ ಟೂಲು ಪ್ರಯೋಜನ ಇಲ್ಲ.

ಯಾರಿಗೆ ಯಾವ್ದು

ಕುವೆಂಪುನಗರದಲ್ಲೋ ಮಂಡ್ಯದ ನೂರಡಿ ರೋಡಲ್ಲೋ ಒಂದು ಕ್ಲಿನಿಕ್ಕು, ಸಲೂನು, ಕೇಟರಿಂಗು ಇರೋರಿಗೆ ನನ್ನ ಪ್ರಕಾರ ದುಡ್ಡಿನ ಟೂಲ್ ಬೇಕೇ ಇಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪಲ್ಲಿ ಕಾಣೋ ನಿಮ್ಮ ಅಂಗಡಿ ವಿವರ) ಸರಿಯಾಗಿ ತುಂಬಿಸಿ, ಟೈಮಿಂಗ್ ಸರಿ ಇರ್ಲಿ, ಹಬ್ಬಕ್ಕೆ ರಜೆ ಇದ್ರೆ ಅದನ್ನೂ ಹಾಕಿ, ಫೋಟೋ ಹೊಸದಿರ್ಲಿ, ರಿವ್ಯೂಗೆ ಉತ್ತರ ಕೊಡಿ. ತಿಂಗಳಿಗೆ ಟೂಲಿಗೆ ಕೊಡೋ ಎಂಟು ಹತ್ತು ಸಾವಿರಕ್ಕೆ ಒಬ್ಬ ಒಳ್ಳೇ ಫೋಟೋಗ್ರಾಫರ್ ಸಿಗ್ತಾನೆ.

ಬ್ಲಾಗ್ ಬರೆಯೋರು, ಟ್ರಾವೆಲ್ ಸೈಟ್ ನಡೆಸೋರಿಗೆ ಮುಖ್ಯ ಬೇಕಾಗೋದು ಹೊಸ ವಿಷಯ ಹುಡುಕೋದು. ಅದಕ್ಕೆ ಸರ್ಚ್ ಕನ್ಸೋಲಲ್ಲಿ 8ರಿಂದ 20ನೇ ಜಾಗದಲ್ಲಿರೋ ಪದಗಳನ್ನ ತೆಗೆದು ಆ ಪೇಜುಗಳನ್ನ ಚೆನ್ನಾಗಿ ತಿದ್ದೋದೇ ಮೊದಲ ಕೆಲಸ, ಅದು ಮುಗಿಯೋವರ್ಗೂ ಟೂಲ್ ಬೇಡ. ಮುಗಿದ್ಮೇಲೆ ಉಬರ್‌ಸಜೆಸ್ಟ್ ಅಥವಾ ಮ್ಯಾಂಗೂಲ್ಸ್ ಥರ ಕಮ್ಮಿ ರೇಟಿಂದು ಒಂದು ತಿಂಗಳು ತಗೊಂಡು, ಆರು ತಿಂಗಳಿಗಾಗೋ ವಿಷಯ ಪಟ್ಟಿ ಇಳಿಸ್ಕೊಂಡು ನಿಲ್ಲಿಸಬಹುದು, ವರ್ಷಪೂರ್ತಿ ಕಟ್ಟೋ ಅಗತ್ಯ ಇಲ್ಲ.

ನೂರಾರು ಪ್ರಾಡಕ್ಟ್ ಇರೋ ಆನ್‌ಲೈನ್ ಅಂಗಡಿ, ರಾಜ್ಯದ ಹೊರಗೂ ಮಾರ್ತೀರ, ಕಾಂಪಿಟಿಷನ್ ಇದೆ ಅಂದ್ರೆ ಆಗ ಸೆಮ್‌ರಶ್, ಅಹ್ರೆಫ್ಸ್ ಯೋಚ್ನೆ ಮಾಡಿ. ನನ್ನ ಅನಿಸಿಕೆ ಕೇಳಿದ್ರೆ, ಲಿಂಕ್ ಕೆಲಸ ಮುಖ್ಯ ಆದ್ರೆ ಅಹ್ರೆಫ್ಸು, ಗೂಗಲ್ ಆಡ್ಸೂ ಜೊತೆಗೆ ನಡೆಸ್ತಾ ಇದೀರ ಅಂದ್ರೆ ಸೆಮ್‌ರಶ್ಶು. ಆದ್ರೂ ಮೇಲಿನ ಟೆಸ್ಟ್ ಬೇರೆ ಹೇಳಿದ್ರೆ ಟೆಸ್ಟ್ ಮಾತೇ ಕೇಳಿ. ಹತ್ತಾರು ಗಿರಾಕಿಗಳ ಸೈಟ್ ನೋಡ್ಕೊಳ್ಳೋ ಫ್ರೀಲಾನ್ಸರಿಗೆ ರಿಪೋರ್ಟು, ಎಷ್ಟು ಪ್ರಾಜೆಕ್ಟಿಗೆ ಜಾಗ, ಎಷ್ಟು ಜನ ಲಾಗಿನ್ ಆಗಬಹುದು ಅನ್ನೋದೇ ದೊಡ್ಡ ವಿಷಯ. ಎರಡನೇ ಯೂಸರಿಗೆ ಬೇರೆ ದುಡ್ಡು ಕೀಳೋ ಟೂಲುಗಳಿವೆ, ಪ್ಲಾನ್ ಪೇಜಲ್ಲಿ ಕೆಳಗಿನ ತನಕ ಓದಿ.

ರ್ಯಾಂಕ್ ಟ್ರ್ಯಾಕಿಂಗಿಗೆ, ಅಂದ್ರೆ ಗೂಗಲಲ್ಲಿ ಎಷ್ಟನೇ ಜಾಗದಲ್ಲಿದೀರ ಅಂತ ದಿನಾ ನೋಡೋಕೆ, ಅಂತಲೇ ತಗೊಳ್ತಿದ್ರೆ ಎರಡು ಕೇಳಿ. ಮೈಸೂರು ಅಂತ ಊರ ಮಟ್ಟಕ್ಕೆ, ಮೊಬೈಲಿಗೆ ಅಂತ ಸೆಟ್ ಮಾಡೋಕಾಗತ್ತಾ? ಎಷ್ಟನೇ ಜಾಗದ ತನಕ ದಿನಾ ನೋಡತ್ತೆ? 2025ರ ಸೆಪ್ಟೆಂಬರಲ್ಲಿ ಗೂಗಲ್ ಒಂದೇ ಪುಟದಲ್ಲಿ 100 ರಿಸಲ್ಟ್ ತೋರಿಸೋ ದಾರಿ ಮುಚ್ಚಿತು, ಆಗಿಂದ 100ರ ತನಕ ನೋಡೋಕೆ ಟೂಲಿನವ್ರಿಗೆ ಹತ್ತು ಪಟ್ಟು ಕೆಲಸ. ಮೊದಲ 20 ಸರಿಯಾಗಿ ತೋರಿಸಿದ್ರೆ ನಮಗೆ ಸಾಕು, 70ನೇ ಜಾಗದಲ್ಲಿದೀವಿ ಅಂತ ತಿಳ್ಕೊಂಡು ಮಾಡೋದೇನಿಲ್ಲ. ಅದೇ ಸಮಯಕ್ಕೆ ತುಂಬಾ ಸೈಟುಗಳ ಸರ್ಚ್ ಕನ್ಸೋಲಲ್ಲಿ ಇಂಪ್ರೆಷನ್ ಧಡಕ್ಕಂತ ಇಳಿದಿದೆ, ನಿಮ್ದೂ ಹಂಗಾಗಿ ಕ್ಲಿಕ್ ಮಾತ್ರ ಹಂಗೇ ಇದ್ರೆ ಕಾರಣ ಇದೇ ಇರಬಹುದು.

ಡಿಎ (ಡೊಮೇನ್ ಅಥಾರಿಟಿ) ಹೆಚ್ಚಿಸಿ ಕೊಡ್ತೀವಿ ಅಂತ ಬರೋರ ವಿಷ್ಯ. ಡೊಮೇನ್ ಅಥಾರಿಟಿ ಅನ್ನೋದು ಮೋಜ್ ಕಂಪನಿ ಮಾಡಿದ ಅಂಕ, ಡೊಮೇನ್ ರೇಟಿಂಗ್ ಅಹ್ರೆಫ್ಸಿಂದು, ಸೆಮ್‌ರಶ್ಶಿಂದು ಅಥಾರಿಟಿ ಸ್ಕೋರು. ಗೂಗಲ್ ಇದ್ಯಾವ್ದನ್ನೂ ಬಳಸಲ್ಲ. ಎರಡು ಸೈಟ್ ಹೋಲಿಸೋಕೆ ಅನುಕೂಲ, ಅದು ಬಿಟ್ರೆ ಅದನ್ನ ಏರಿಸೋಕೆ ದುಡ್ಡು ಕೊಡೋದು ನೀರಲ್ಲಿ ಹೋಮ. ಮೊದಲ ಜಾಗ ಗ್ಯಾರಂಟಿ ಅನ್ನೋರನ್ನ ಹತ್ರಾನೇ ಸೇರಿಸ್ಬೇಡಿ, ಯಾರೂ ಅಂಥ ಗ್ಯಾರಂಟಿ ಕೊಡಕ್ಕಾಗಲ್ಲ ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಸೈಟ್ ಆಡಿಟ್ ಮಾಡಿ 300 ಎರರ್ ಇದೆ ಅಂತ ಕೆಂಪು ಬಣ್ಣದ ಪಿಡಿಎಫ್ ಕಳಿಸೋದೂ ಇದೇ ಸಾಲಿಗೆ, ಅದರಲ್ಲಿ ಮುರಿದ ಲಿಂಕು, ಗೊತ್ತಿಲ್ದೇ ನೋಇಂಡೆಕ್ಸ್ (ಗೂಗಲಲ್ಲಿ ತೋರಿಸ್ಬೇಡ ಅನ್ನೋ ಗುರುತು) ಆಗಿರೋ ಪೇಜು ಇದ್ರೆ ಸರಿ ಮಾಡಿಸಿ, ಟೈಟಲ್ ಎರಡಕ್ಷರ ಉದ್ದ ಆಯ್ತು ಅನ್ನೋದಕ್ಕೆಲ್ಲ ನಿದ್ದೆ ಕೆಡಿಸ್ಕೊಬೇಡಿ.

ದುಡ್ಡು ಕಟ್ಟೋದು, ನಿಲ್ಲಿಸೋದು

ದೊಡ್ಡ ಟೂಲುಗಳ ಮಾಮೂಲಿ ಪ್ಲಾನು ತಿಂಗಳಿಗೆ 100 ಡಾಲರ್ ಮೇಲೇ ಇದೆ. ಅದರ ಮೇಲೆ ಬ್ಯಾಂಕಿನ ಫಾರೆಕ್ಸ್ ಚಾರ್ಜು ಬೇರೆ. ಜಿಎಸ್‌ಟಿ ನಂಬರ್ ಇಲ್ಲದವ್ರಿಗೆ ಬಿಲ್ಲಲ್ಲೇ 18% ಸೇರತ್ತೆ, ನಂಬರ್ ಇದ್ರೆ ಅಕೌಂಟ್ ಸೆಟ್ಟಿಂಗಲ್ಲಿ ಮೊದ್ಲೇ ಹಾಕಿ, ರಿವರ್ಸ್ ಚಾರ್ಜ್ (ಟ್ಯಾಕ್ಸ್ ನೀವೇ ಕಟ್ಟೋದು) ಲೆಕ್ಕ ನಿಮ್ಮ ಆಡಿಟರ್ ನೋಡ್ಕೊತಾರೆ. 2021ರ ಅಕ್ಟೋಬರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ್ಮೇಲೆ ವಿದೇಶಿ ಸಬ್‌ಸ್ಕ್ರಿಪ್ಷನ್ನು ತಾನಾಗೇ ಕಟ್ ಆಗೋದು ಕೆಲವು ಕಾರ್ಡಲ್ಲಿ ಫೇಲ್ ಆಗತ್ತೆ, ಆಗ ಪ್ರಾಜೆಕ್ಟ್ ಲಾಕ್ ಆಗಬಹುದು, ಯಾವ ಕಾರ್ಡ್ ನಡೆಯತ್ತೆ ಅಂತ ಒಂದು ತಿಂಗಳ ಪ್ಲಾನಲ್ಲೇ ನೋಡಿ ಆಮೇಲೆ ವರ್ಷದ್ದು ಯೋಚ್ನೆ ಮಾಡಿ. ಟ್ರಯಲ್‌ಗೂ ಬಹಳ ಕಡೆ ಕಾರ್ಡ್ ಕೇಳ್ತಾರೆ, ಮುಗಿಯೋ ಹಿಂದಿನ ದಿನಕ್ಕೆ ಫೋನಲ್ಲಿ ರಿಮೈಂಡರ್ ಇಡಿ. ಶೀಟಲ್ಲಿ ಪದಗಳನ್ನ ರೆಡಿ ಮಾಡ್ಕೊಂಡ ಮೇಲೇ ಟ್ರಯಲ್ ಶುರು ಮಾಡಿ, ಇಲ್ಲಾಂದ್ರೆ ಮೆನು ಎಲ್ಲಿದೆ ಅಂತ ಹುಡುಕೋದ್ರಲ್ಲೇ ದಿನ ಹೋಗತ್ತೆ.

ಟೆಲಿಗ್ರಾಮಲ್ಲಿ ಎಲ್ಲಾ ಟೂಲೂ ಸೇರಿ ಮುನ್ನೂರು ರೂಪಾಯಿ ಅಂತ ಗ್ರೂಪ್ ಬೈ (ಒಂದೇ ಅಕೌಂಟನ್ನ ಹಲವರಿಗೆ ಹಂಚೋದು) ಮಾರ್ತಾರೆ, ಬೇಡ. ಕಂಪನಿ ನಿಯಮದ ಪ್ರಕಾರ ಅದು ತಪ್ಪು, ಅಕೌಂಟ್ ಯಾವಾಗ ಬೇಕಾದ್ರೂ ಬಂದ್ ಆಗತ್ತೆ, ಅದಕ್ಕಿಂತ ಹೆಚ್ಚಾಗಿ ಅವ್ರು ಕೊಡೋ ಬ್ರೌಸರ್ ಎಕ್ಸ್‌ಟೆನ್ಷನ್ ನಿಮ್ಮ ಬ್ರೌಸರಲ್ಲಿ ಕೂತ್ರೆ ಬ್ಯಾಂಕ್ ಲಾಗಿನ್ ಕೂಡ ಅಲ್ಲೇ ಇರತ್ತೆ, ಯೋಚ್ನೆ ಮಾಡಿ.

ಟೂಲ್ ನಿಲ್ಲಿಸೋ ಮುಂಚೆ ಕೀವರ್ಡ್ ಪಟ್ಟಿ, ರ್ಯಾಂಕ್ ಹಿಸ್ಟರಿ, ಲಿಂಕ್ ಪಟ್ಟಿ ಎಲ್ಲಾ ಸಿಎಸ್‌ವಿ ಫೈಲಾಗಿ ಇಳಿಸ್ಕೊಳಿ. ಎಕ್ಸೆಲ್ಲಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದ್ರೆ ಕನ್ನಡ ಅಕ್ಷರ ಕೆಟ್ಟು ಏನೇನೋ ಕಾಣತ್ತೆ, ಫೈಲ್ ಹಾಳಾಗಿರಲ್ಲ, ಗೂಗಲ್ ಶೀಟ್ಸಿಗೆ ಇಂಪೋರ್ಟ್ ಮಾಡಿದ್ರೆ ಸರಿಯಾಗಿ ಬರತ್ತೆ. ಸರ್ಚ್ ಕನ್ಸೋಲಿಂದೂ ಹಿಂಗೇ ಇಳಿಸಿಡಿ, ಒಂದ್ಸಲಕ್ಕೆ 1000 ಸಾಲು ಬರತ್ತೆ. 16 ತಿಂಗಳು ದಾಟಿದ್ದು ಅಲ್ಲಿ ಉಳಿಯಲ್ಲ, ಅಂದ್ರೆ ಈ ದಸರಾನ ಹೋದ ದಸರಾ ಜೊತೆ ಹೋಲಿಸಬಹುದು, ಅದರ ಹಿಂದಿಂದು ಸಿಗಲ್ಲ. ನಮ್ಮೂರಲ್ಲಿ ರೂಮು, ಟ್ಯಾಕ್ಸಿ, ಸೀರೆ, ಸ್ವೀಟ್ ವ್ಯಾಪಾರ ಮಾಡೋರಿಗೆ ವರ್ಷದಲ್ಲಿ ಆ ತಿಂಗಳೇ ಮುಖ್ಯ, ಅದಕ್ಕೆ ಜಂಬೂಸವಾರಿ ಮುಗಿದ ವಾರದಲ್ಲೇ ಹಿಂದಿನ ಮೂರು ತಿಂಗಳಿಂದು ಇಳಿಸಿ ಆ ವರ್ಷದ ಹೆಸ್ರಲ್ಲಿ ಒಂದು ಶೀಟ್ ಮಾಡಿಟ್ಬಿಡಿ.